ಪಿರೇರಾ ಅನ್ನುವ ಹೆಸರು ಎಲ್ಲಿಂದ ಬಂತು? ಮರದ ಹೆಸರಿದ್ದರೆ ಯಹೂದಿ ಮೂಲ ಅಂತಾನಾ?

ಕರಾವಳಿ_ಪಿರೇರಾ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರು ಕಡೆಯ ಕೊಂಕಣಿ ಕಥೊಲಿಕ ಕುಟುಂಬ. ಅಪ್ಪನ ಕಾಲದಿಂದ ಮೈಸೂರಿನಲ್ಲಿ ಇದ್ದೇವೆ. ಅಡ್ಡಹೆಸರು ಪಿರೇರಾ.

ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಪಟ್ಟಿ ಓಡಾಡುತ್ತಿದೆ. ಪೋರ್ಚುಗಲ್‌ನಲ್ಲಿ ಮರ, ಹಣ್ಣು, ಪ್ರಾಣಿಗಳ ಹೆಸರಿರುವ ಮನೆತನಗಳೆಲ್ಲ ಬಲವಂತಕ್ಕೆ ಕ್ರೈಸ್ತರಾದ ಯಹೂದಿಗಳದ್ದು ಎಂದು ಅದರಲ್ಲಿ ಬರೆದಿದ್ದಾರೆ. ಪಿರೇರಾ, ಒಲಿವೇರಾ, ಕರ್ವಾಲೊ, ಲೋಬೊ, ಪಿಂಟೊ ಎಲ್ಲ ಆ ಪಟ್ಟಿಯಲ್ಲಿವೆ. ದೊಡ್ಡಪ್ಪ ಅದನ್ನು ಪೂರ್ತಿ ನಂಬಿಬಿಟ್ಟಿದ್ದಾರೆ. ಅಮ್ಮ ಮಾತ್ರ, "ಅದು ಗೋವಾದಲ್ಲಿ ಪಾದ್ರಿಗಳು ಇಟ್ಟ ಹೆಸರು, ಅಷ್ಟೇ" ಅನ್ನುತ್ತಾರೆ.

ಈ ಹೆಸರಿನ ಅರ್ಥ ಏನು? ಮೊದಲು ಯಾರಿಗೆ ಇತ್ತು? ನಮ್ಮವರಿಗೆ ಹೇಗೆ ಬಂತು? ತಿಳಿದವರು ದಯವಿಟ್ಟು ಹೇಳಿ. ಮಗಳು ಶಾಲೆಗೆ ವಂಶವೃಕ್ಷ ಬರೆಯಬೇಕು. ಅವಳಿಗೆ ಸುಳ್ಳು ಬರೆಸಲು ನನಗೆ ಮನಸ್ಸಿಲ್ಲ.

ಲಿಸ್ಬನ್_ವಾಸಿ

ಅರ್ಥದಿಂದ ಶುರು ಮಾಡೋಣ, ಅದು ಸುಲಭ. ಪೋರ್ಚುಗೀಸ್‌ನಲ್ಲಿ 'ಪೇರ' ಅಂದರೆ ಪಿಯರ್ ಹಣ್ಣು, 'ಪಿರೇರಾ' ಅಂದರೆ ಆ ಹಣ್ಣಿನ ಮರ. ಹಣ್ಣಿನ ಹೆಸರಿಗೆ 'ಏರಾ' ಸೇರಿಸಿದರೆ ಮರದ ಹೆಸರು ಆಗುತ್ತದೆ. ಫಿಗೊ ಅಂಜೂರ, ಫಿಗೇರಾ ಅಂಜೂರದ ಮರ. ಲರಾಂಜ ಕಿತ್ತಳೆ, ಲರಾಂಜೇರಾ ಕಿತ್ತಳೆ ಮರ. ನಮ್ಮ ಕಡೆಯಿಂದ ಹೋದ ಮಾವಿಗೂ ಅವರು ಹೀಗೇ ಮಾಡಿದರು. ಮಾಂಗಾ ಹಣ್ಣು, ಮಾಂಗೇರಾ ಮರ. 'ಪೇರ'ದ ಬೇರು ಲ್ಯಾಟಿನ್‌ನ 'ಪಿರುಮ್'. ಇಲ್ಲಿ ಲಿಸ್ಬನ್‌ನಲ್ಲಿ ಜನ ಹೆಚ್ಚುಕಡಿಮೆ 'ಪಿರೈರ' ಅನ್ನುತ್ತಾರೆ. ಮೊದಲ ಅಕ್ಷರವನ್ನು ನುಂಗಿಬಿಡುತ್ತಾರೆ.

ಈಗ ಮುಖ್ಯ ವಿಷಯ. ಹೆಸರಿನ ಅರ್ಥ ಪಿಯರ್ ಮರ ಅಂದ ಮಾತ್ರಕ್ಕೆ ಯಾರೋ ಮರ ನೋಡಿ ಹೆಸರಿಟ್ಟುಕೊಂಡರು ಅಂತ ಆಗುವುದಿಲ್ಲ. ನಡುವೆ ಒಂದು ಊರು ಇದೆ. ಪಿಯರ್ ಮರಗಳಿದ್ದ ಜಾಗಕ್ಕೆ ಪಿರೇರಾ ಎಂಬ ಹೆಸರು ಬಿತ್ತು. ಅಲ್ಲಿಯವನು 'ದ ಪಿರೇರಾ', ಅಂದರೆ ಪಿರೇರಾ ಊರಿನವನು ಆದ. ಮುಂದೆ 'ದ' ಉದುರಿ ಬರೀ ಪಿರೇರಾ ಉಳಿಯಿತು. ಹಲಸೂರು, ಹುಣಸೂರು, ಮಾವಳ್ಳಿ ಇರುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೋರ್ಚುಗಲ್‌ನಲ್ಲಿ ಪಿರೇರಾ ಹೆಸರಿನ ಊರು ಒಂದೆರಡಲ್ಲ. ಬಾರ್ಸೆಲೋಸ್ ಕಡೆ ಒಂದಿದೆ, ಕೊಯಿಂಬ್ರಾ ಹತ್ತಿರ ಮೊಂತೆಮೊರ್-ಒ-ವೆಲ್ಯೊ ತಾಲೂಕಿನಲ್ಲಿ ಇನ್ನೊಂದಿದೆ. ಸ್ಪೇನ್‌ನ ಗಲಿಸಿಯಾದಲ್ಲೂ ಇವೆ. ಹಾಗಾಗಿ ಪಿರೇರಾಗಳೆಲ್ಲ ಒಬ್ಬನೇ ಮೂಲಪುರುಷನ ಮಕ್ಕಳಾಗಿರಲು ಸಾಧ್ಯವೇ ಇಲ್ಲ.

ಇತಿಹಾಸ_ಮೇಷ್ಟ್ರು

ಲಿಸ್ಬನ್‌ನವರು ಹೇಳಿದ್ದಕ್ಕೆ ಇನ್ನಷ್ಟು ಸೇರಿಸುತ್ತೇನೆ. ವಾಟ್ಸ್ಯಾಪ್ ಪಟ್ಟಿಗೆ ಉತ್ತರ ಇಲ್ಲೇ ಇದೆ.

ಪಿರೇರಾ ಹೆಸರಿನ ಹಳೆಯ ಶ್ರೀಮಂತ ಮನೆತನ ಪೋರ್ಚುಗಲ್‌ನ ಉತ್ತರ ಭಾಗದ್ದು. ಈಗಿನ ಫಮಾಲಿಕಾಂವ್ ಪಟ್ಟಣದ ಆಸುಪಾಸಿನಲ್ಲಿ ಅವರ ಜಮೀನು ಇತ್ತು. ಆ ಜಮೀನಿನ ಹೆಸರೇ ಅವರ ಹೆಸರಾಯಿತು. ಇದು 13ನೇ ಶತಮಾನಕ್ಕೂ ಮುಂಚಿನಿಂದ ಬಂದದ್ದು. ಅವರ ಲಾಂಛನ ನೋಡಿ. ಕೆಂಪು ಹಿನ್ನೆಲೆಯಲ್ಲಿ ಬೆಳ್ಳಿಯ ಶಿಲುಬೆ, ಅದರ ತುದಿಗಳು ಹೂವಿನಂತೆ ಅರಳಿವೆ. ಪಿಯರ್ ಮರವೂ ಇಲ್ಲ, ಹಣ್ಣೂ ಇಲ್ಲ. ಮರದ ಮೇಲೆ ಅವರಿಗೇನೂ ವಿಶೇಷ ಪ್ರೀತಿ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಜಮೀನು.

ಈ ಮನೆತನದಲ್ಲಿ ಹುಟ್ಟಿದವನೇ ನೂನೊ ಆಲ್ವಾರಿಸ್ ಪಿರೇರಾ. ಪೋರ್ಚುಗಲ್‌ನಲ್ಲಿ ಶಾಲೆಗೆ ಹೋದ ಯಾವ ಮಗುವಿಗೂ ಈ ಹೆಸರು ಗೊತ್ತು. ಹುಟ್ಟಿದ್ದು 1360ರಲ್ಲಿ. ಅಪ್ಪ ಆಲ್ವರು ಗೊನ್ಸಾಲ್ವಿಸ್ ಪಿರೇರಾ, ಹಾಸ್ಪಿಟಲರ್ ಎಂಬ ಧಾರ್ಮಿಕ ಯೋಧರ ಪಂಥಕ್ಕೆ ಪೋರ್ಚುಗಲ್‌ನಲ್ಲಿ ಮುಖ್ಯಸ್ಥ. ಅಜ್ಜ ಗೊನ್ಸಾಲು ಪಿರೇರಾ, ಬ್ರಾಗಾ ಪಟ್ಟಣದ ಮಹಾಧರ್ಮಾಧ್ಯಕ್ಷ. ಈಗಿನ ಸ್ಪೇನ್‌ನ ಭಾಗವಾದ ಕಾಸ್ಟೈಲ್‌ನ ರಾಜ ಪೋರ್ಚುಗಲ್ ಮೇಲೆ ದಂಡೆತ್ತಿ ಬಂದಾಗ, 1385ರ ಆಗಸ್ಟ್ 14ರಂದು ಅಲ್ಜುಬಾರೋಟ ಎಂಬಲ್ಲಿ ದೊಡ್ಡ ಯುದ್ಧ ನಡೆಯಿತು. ಪೋರ್ಚುಗಲ್ ಕಡೆಯ ಸೈನ್ಯ ಚಿಕ್ಕದು. ಅದನ್ನು ನಡೆಸಿ ಗೆದ್ದುಕೊಟ್ಟವನು ಇದೇ ನೂನೊ. ಆಗ ಅವನಿಗೆ ಇನ್ನೂ 25 ವರ್ಷ.

ನೂನೊನ ಮಗಳು ಬಿಯಾಟ್ರಿಸ್, ರಾಜ ಒಂದನೇ ಜುವಾಂವ್‌ನ ಮಗ ಅಫೋನ್ಸೊನನ್ನು ಮದುವೆಯಾದಳು. ಅಫೋನ್ಸೊ 1442ರಲ್ಲಿ ಬ್ರಗಾನ್ಸದ ಮೊದಲ ಡ್ಯೂಕ್ ಆದ. 1640ರಿಂದ 1910ರವರೆಗೆ ಪೋರ್ಚುಗಲ್ ಆಳಿದ ರಾಜವಂಶ ಈ ಮದುವೆಯಿಂದ ಬೆಳೆದದ್ದು. ನೂನೊ ಮಾತ್ರ ಮುಪ್ಪಿನಲ್ಲಿ ಆಸ್ತಿಯೆಲ್ಲ ಹಂಚಿ, 1423ರಲ್ಲಿ ಲಿಸ್ಬನ್‌ನಲ್ಲಿ ತಾನೇ ಕಟ್ಟಿಸಿದ್ದ ಕಾರ್ಮೆಲ್ ಮಠ ಸೇರಿದ. 1431ರಲ್ಲಿ ಅಲ್ಲೇ ತೀರಿಕೊಂಡ. ಆ ಮಠದ ದೇವಾಲಯ 1755ರ ಭೂಕಂಪದಲ್ಲಿ ಕುಸಿಯಿತು. ಚಾವಣಿ ಇಲ್ಲದ ಕಮಾನುಗಳು ಈಗಲೂ ಹಾಗೇ ನಿಂತಿವೆ. 2009ರ ಏಪ್ರಿಲ್ 26ರಂದು ಪೋಪ್ 16ನೇ ಬೆನೆಡಿಕ್ಟ್ ಅವನನ್ನು ಸಂತ ಎಂದು ಘೋಷಿಸಿದರು.

ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಪೋರ್ಚುಗಲ್‌ನಲ್ಲಿ ಯಹೂದಿಗಳ ಬಲವಂತದ ಮತಾಂತರ ಆದದ್ದು 1497ರಲ್ಲಿ. ಅದಕ್ಕೆ ನೂರು ವರ್ಷಕ್ಕೂ ಹಿಂದೆ ಪಿರೇರಾ ಎಂಬುದು ದೇಶದ ಸೇನಾಪತಿಯ ಹೆಸರು, ಬಿಷಪ್ಪರ ಹೆಸರು. ಹಾಗಿರುವಾಗ ಇದು ಯಹೂದಿಗಳಿಗಾಗಿ ಹುಟ್ಟಿದ ಹೆಸರು ಅನ್ನುವುದು ಹೇಗೆ?

ಶಿರಸಿ_ಓದುಗ

ಮೇಷ್ಟ್ರೇ, ಒಂದು ಅನುಮಾನ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಫ್ರಾನ್ಸ್‌ನಲ್ಲಿ ಯಹೂದಿ ಪಿರೇರಾಗಳು ಇದ್ದದ್ದು ನಿಜ ಅಲ್ವಾ? ಪ್ಯಾರಿಸ್ ಮೆಟ್ರೋದಲ್ಲಿ ಪೆರೇರ್ ಎಂಬ ನಿಲ್ದಾಣವೇ ಇದೆ. ಅದು ಯಹೂದಿ ಬ್ಯಾಂಕಿನವರ ಹೆಸರು ಎಂದು ಕೇಳಿದ್ದೇನೆ.

ಇತಿಹಾಸ_ಮೇಷ್ಟ್ರು

ಪೂರ್ತಿ ನಿಜ. ಆ ಕತೆಯನ್ನೂ ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ.

ಜಾಕಬ್ ರೋಡ್ರಿಗ್ಸ್ ಪಿರೇರಾ ಎಂಬವರು 1715ರಲ್ಲಿ ಹುಟ್ಟಿದರು. ಅವರದು ಪೋರ್ಚುಗೀಸ್ ಯಹೂದಿ ಕುಟುಂಬ. ಹೊರಗೆ ಕ್ರೈಸ್ತರಂತೆ ಇದ್ದು ಒಳಗೆ ಹಳೆಯ ಧರ್ಮ ಉಳಿಸಿಕೊಂಡವರು. ಫ್ರಾನ್ಸ್‌ಗೆ ಹೋದ ಮೇಲೆ ಬಹಿರಂಗವಾಗಿ ಯಹೂದಿಗಳಾಗಿ ಬದುಕಿದರು. ಜಾಕಬ್ ಹುಟ್ಟು ಕಿವುಡರಿಗೆ ಮಾತು ಕಲಿಸಿದರು. 1749ರಲ್ಲಿ ತಮ್ಮ ಶಿಷ್ಯನನ್ನು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಮುಂದೆ ಮಾತಾಡಿಸಿ ತೋರಿಸಿದರು. ಅವರ ಮೊಮ್ಮಕ್ಕಳು ಎಮಿಲ್ ಮತ್ತು ಇಸಾಕ್. ಇವರೇ ಫ್ರಾನ್ಸ್‌ನಲ್ಲಿ ರೈಲು ದಾರಿ ಹಾಕಿಸಿದವರು, 1852ರಲ್ಲಿ ಕ್ರೆದಿ ಮೊಬಿಲಿಯೆ ಬ್ಯಾಂಕ್ ಶುರು ಮಾಡಿದವರು. ನೀವು ಹೇಳಿದ ಮೆಟ್ರೋ ನಿಲ್ದಾಣದ ಹೆಸರು ಇವರ ಮನೆತನದ್ದೇ.

ಯಹೂದಿಗಳಿಗೆ ಈ ಹೆಸರು ಹೇಗೆ ಬಂತು? 1496ರ ಡಿಸೆಂಬರ್‌ನಲ್ಲಿ ರಾಜ ಮನುವೆಲ್ ಒಂದು ಆಜ್ಞೆ ಹೊರಡಿಸಿದ. ಯಹೂದಿಗಳು ಕ್ರೈಸ್ತರಾಗಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ಆದರೆ ಹೊರಡಲು ಅವನು ದಾರಿಯನ್ನೇ ಕೊಡಲಿಲ್ಲ. 1497ರಲ್ಲಿ ಮೊದಲು ಮಕ್ಕಳನ್ನು ಕಿತ್ತುಕೊಂಡು ದೀಕ್ಷಾಸ್ನಾನ ಮಾಡಿಸಿದರು. ಆಮೇಲೆ ದೊಡ್ಡವರಿಗೂ ಅದೇ ಆಯಿತು. ಅಲ್ಲಿಯವರೆಗೆ ಕೊಹೆನ್, ಲೇವಿ, ಅಬ್ರವನೆಲ್ ಎಂದಿದ್ದವರಿಗೆ ರಾತ್ರಿ ಬೆಳಗಾಗುವುದರೊಳಗೆ ಹೊಸ ಹೆಸರು ಬೇಕಾಯಿತು. ಸುತ್ತಮುತ್ತಲಿನವರಿಗೆ, ದೀಕ್ಷಾಸ್ನಾನದಲ್ಲಿ ಹೊಣೆ ಹೊತ್ತು ಗಾಡ್‌ಫಾದರ್ ಆಗಿ ನಿಂತವರಿಗೆ ಯಾವ ಹೆಸರಿತ್ತೋ ಅದನ್ನೇ ತೆಗೆದುಕೊಂಡರು. ಜೀವ ಉಳಿಸಿಕೊಳ್ಳಬೇಕಾದವನು ಯಾರಿಗೂ ಎದ್ದು ಕಾಣದ ಹೆಸರನ್ನೇ ಆರಿಸುತ್ತಾನೆ. ಮತ ತಪ್ಪಿದವರನ್ನು ಹಿಡಿಯುವ ವಿಚಾರಣಾ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್, ಪೋರ್ಚುಗಲ್‌ಗೆ 1536ರಲ್ಲಿ ಬಂತು. ಅದರ ಕಡತಗಳಲ್ಲಿ ಸಿಕ್ಕಿಬಿದ್ದವರಲ್ಲಿ ರೋಡ್ರಿಗ್ಸ್, ಲೋಪಿಸ್, ಮೆಂಡಿಸ್, ನೂನಿಸ್, ಹೆನ್ರಿಕ್ಸ್ ತುಂಬಾ ಕಾಣುತ್ತಾರೆ. ಇವು ಯಾವುವೂ ಮರಗಳಲ್ಲ. ರೋಡ್ರಿಗೊನ ಮಗ, ಲೋಪೊನ ಮಗ ಎಂಬ ಅರ್ಥದ ಅತಿ ಸಾಮಾನ್ಯ ಹೆಸರುಗಳು.

ಯಹೂದಿ ಪಿರೇರಾಗಳು ಇದ್ದರು. ಪಿರೇರಾ ಎಂದ ಕೂಡಲೇ ಯಹೂದಿ ಎಂದಾಗುವುದಿಲ್ಲ. ಎರಡೂ ಮಾತು ಒಟ್ಟಿಗೇ ನಿಜ.

ಲಿಸ್ಬನ್_ವಾಸಿ

ಈ ಪಟ್ಟಿಗಳು ಇಷ್ಟೊಂದು ಹರಡಿದ್ದಕ್ಕೆ ಈಚಿನ ಒಂದು ಕಾರಣವೂ ಇದೆ. ಹೊರಹಾಕಿದ ಯಹೂದಿಗಳ ಸಂತತಿಯವರಿಗೆ ಪೌರತ್ವ ಕೊಡುವ ಕಾನೂನನ್ನು ಪೋರ್ಚುಗಲ್ 2013ರಲ್ಲಿ ಮಾಡಿತು, 2015ರಿಂದ ಜಾರಿಗೆ ತಂದಿತು. ಮನೆತನದ ಹೆಸರು, ಮನೆಯಲ್ಲಾಡುವ ಭಾಷೆ, ವಂಶಾವಳಿ ಇವನ್ನೆಲ್ಲ ಸೇರಿಸಿ ನೋಡುತ್ತಿದ್ದರು. ಆಗ ಹೆಸರಿನ ಪಟ್ಟಿಗಳಿಗೆ ಭಾರೀ ಬೇಡಿಕೆ ಬಂತು. 2022ರಲ್ಲಿ ನಿಯಮ ಬಿಗಿ ಮಾಡಿದರು.

ಗೋವಾದವರಿಗೆ ಪೌರತ್ವದ ದಾರಿ ಬೇರೆಯೇ. 1961ರ ಡಿಸೆಂಬರ್ 19ಕ್ಕೆ ಮುಂಚೆ ಅಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳ ಲೆಕ್ಕ ಅದು. ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ. ಮಂಗಳೂರಿನ ಪಿರೇರಾಗಳು ಹೆಸರು ತೋರಿಸಿ ಅರ್ಜಿ ಹಾಕಿದರೆ ಆಗುವುದಿಲ್ಲ. ಹಾಗೆ ಆಸೆ ತೋರಿಸಿ ಹಣ ಕೇಳುವ ಏಜೆಂಟರನ್ನು ನಂಬಬೇಡಿ.

ಮೂಡಬಿದ್ರಿ_ಅಕ್ಕ

ಈಗ ನಿಮ್ಮ ಅಮ್ಮನ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಹುರುಳಿದೆ.

ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅದರ ಪಕ್ಕದ ಬಾರ್ದೇಸ್ ಮತ್ತು ಸಾಸ್ಟಿ ಸೀಮೆಗಳು 1543ರಲ್ಲಿ ಅವರ ಕೈಗೆ ಬಂದವು. ಬಾರ್ದೇಸ್‌ನಲ್ಲಿ ಫ್ರಾನ್ಸಿಸ್ಕನ್ನರು, ಸಾಸ್ಟಿಯಲ್ಲಿ ಜೆಸುಯಿಟರು ಎಂಬ ಪಂಥಗಳ ಪಾದ್ರಿಗಳು ಕೆಲಸ ಮಾಡಿದರು. ಒಬ್ಬ ಕ್ರೈಸ್ತನಾದರೆ ಅವನಿಗೆ ಮೊದಲ ಹೆಸರಾಗಿ ಒಬ್ಬ ಸಂತನ ಹೆಸರು. ಎರಡನೆಯದಾಗಿ ಪಕ್ಕದಲ್ಲಿ ಹೊಣೆ ಹೊತ್ತು ನಿಂತ ಗಾಡ್‌ಫಾದರ್‌ನ ಅಡ್ಡಹೆಸರು, ಇಲ್ಲವೇ ಪಾದ್ರಿಯ ಅಡ್ಡಹೆಸರು. ನಿಂತವನು ಸೈನ್ಯದ ಕ್ಯಾಪ್ಟನ್ ಇರಬಹುದು, ಸರ್ಕಾರಿ ಅಧಿಕಾರಿ ಇರಬಹುದು. ಅವನು ಪಿರೇರಾ ಆಗಿದ್ದರೆ ಅಂದು ದೀಕ್ಷೆ ಪಡೆದ ಮನೆಯವರೆಲ್ಲ ಪಿರೇರಾಗಳು. ಗೋವಾದ ಹಳ್ಳಿಗಳಲ್ಲಿ ಗಾಂವ್ಕಾರರು, ಅಂದರೆ ಊರಿನ ಮೂಲ ಮನೆತನದವರು, 'ವಾಂಗಡ್' ಎಂಬ ಪಂಗಡಗಳಾಗಿ ಇರುತ್ತಾರೆ. ಒಂದು ವಾಂಗಡಿನವರಿಗೆಲ್ಲ ಒಂದೇ ಪೋರ್ಚುಗೀಸ್ ಹೆಸರು ಇರುವುದು ಇದರಿಂದಲೇ. ರಕ್ತ ಸಂಬಂಧ ಇದ್ದದ್ದು ಅವರವರ ನಡುವೆ. ಆ ಪೋರ್ಚುಗೀಸನ ಜೊತೆ ಏನೂ ಇರಲಿಲ್ಲ.

ನಮ್ಮವರು ಅಲ್ಲಿಂದ ದಕ್ಷಿಣಕ್ಕೆ ಬಂದದ್ದು ಒಂದೇ ಸಲ ಅಲ್ಲ. 1560ರಲ್ಲಿ ಗೋವಾಕ್ಕೆ ಇನ್‌ಕ್ವಿಸಿಷನ್ ಬಂತು. ಮದುವೆಯ ಶಾಸ್ತ್ರ, ಉಡುಗೆ, ಭಾಷೆ ಎಲ್ಲಕ್ಕೂ ಕಟ್ಟುಪಾಡು. ಜೊತೆಗೆ ಬರ, ರೋಗ, ತೆರಿಗೆ. ಮರಾಠರ ದಾಳಿ 1683ರಲ್ಲಿ ಒಮ್ಮೆ, 1739ರಲ್ಲಿ ಮತ್ತೊಮ್ಮೆ. ಕೆಳದಿ ಅರಸರ ಸೀಮೆಯಲ್ಲಿ ಸಾಗುವಳಿಗೆ ಜಾಗ ಸಿಕ್ಕಿತು, ಇಲ್ಲಿ ನೆಲೆ ನಿಂತರು. ಬರುವಾಗ ಪೋರ್ಚುಗೀಸ್ ಹೆಸರನ್ನು ತಂದರು. ಅದರ ಜೊತೆಗೆ ಹಳೆಯ ಹೆಸರೂ ಬಂತು. ಪ್ರಭು, ಶೆಣೈ, ಕಾಮತ್, ಪೈ, ನಾಯ್ಕ್ ಎಂದು ಮನೆಯೊಳಗೆ ಈಗಲೂ ಹೇಳಿಕೊಳ್ಳುವ ಕಥೊಲಿಕ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ನಿಮ್ಮ ದೊಡ್ಡಪ್ಪನ ಹತ್ತಿರ ಇದನ್ನೇ ಕೇಳಿ. "ನಾವು ಪಿರೇರಾ ಆಗುವುದಕ್ಕೆ ಮೊದಲು ಏನಾಗಿದ್ದೆವು? ಗೋವಾದ ಯಾವ ಊರು?" ಅವರಿಗೆ ಗೊತ್ತಿದ್ದರೆ ವಾಟ್ಸ್ಯಾಪ್ ಪಟ್ಟಿಗಿಂತ ಆ ಒಂದು ಮಾತು ದೊಡ್ಡದು.

ಕೊಲಂಬೊ_ಕನ್ನಡಿಗ

ಅಕ್ಕ ಹೇಳಿದ್ದು ಶ್ರೀಲಂಕಾಕ್ಕೂ ಹೊಂದುತ್ತದೆ. ಇಲ್ಲಿ ಬೀದಿಗೊಂದು ಪೆರೇರಾ. ಅವರಲ್ಲಿ ಬೌದ್ಧರೇ ಎಷ್ಟೋ ಜನ. ಪೋರ್ಚುಗೀಸರು 1505ರಲ್ಲಿ ಬಂದರು, 1658ರಲ್ಲಿ ಡಚ್ಚರು ಅವರನ್ನು ಓಡಿಸಿದರು. ಧರ್ಮ ಬದಲಾದರೂ ಹೆಸರು ಉಳಿಯಿತು. ಸಿಂಹಳದವರು ತಮ್ಮ ಹೆಸರಿಗೆ ಮೊದಲು 'ಗೇ' ಎಂದು ಮುಗಿಯುವ ಮನೆಯ ಹೆಸರನ್ನೂ ಇಟ್ಟುಕೊಂಡಿರುತ್ತಾರೆ. ಮದುವೆ ಮಾತುಕತೆಯಲ್ಲಿ ಆ ಮನೆಯ ಹೆಸರನ್ನೇ ನೋಡುತ್ತಾರೆ, ಪೆರೇರಾ ಎಂಬುದರಿಂದ ಏನೂ ಗೊತ್ತಾಗುವುದಿಲ್ಲ.

ತಮಿಳುನಾಡಿನ ತೂತ್ತುಕುಡಿ ಕಡೆಯ ಪರವ ಮೀನುಗಾರರಲ್ಲೂ ಹೀಗೇ. 1536ರ ಹೊತ್ತಿಗೆ ಸಾವಿರಾರು ಜನ ಒಟ್ಟಿಗೆ ದೀಕ್ಷಾಸ್ನಾನ ಪಡೆದರು. ಫರ್ನಾಂಡೊ, ಪೆರೇರಾ, ರೋಡ್ರಿಗೊ ಹೆಸರುಗಳು ಅಲ್ಲಿ ಇವತ್ತಿಗೂ ಇವೆ.

ಪೇರಳೆ_ಮರ

ನನ್ನ ಹೆಸರು ನೋಡಿಯೇ ಗೊತ್ತಾಗಿರಬೇಕು ಯಾಕೆ ಬಂದೆ ಎಂದು.

ನಾವು ತಿನ್ನುವ ಪೇರಳೆ ಹಣ್ಣಿನ ಹೆಸರೂ ಇದೇ 'ಪೇರ'ದಿಂದ ಬಂದದ್ದು. ಸೀಬೆ, ಚೇಪೆ ಎಂದು ಬೇರೆ ಕಡೆ ಹೇಳುತ್ತಾರೆ, ಕರಾವಳಿ ಮಲೆನಾಡಿನಲ್ಲಿ ಪೇರಳೆ. ಕೊಂಕಣಿಯಲ್ಲಿ ಪೇರ್, ಮರಾಠಿಯಲ್ಲಿ ಪೇರೂ. ಈ ಗಿಡ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂತು. ಪಿಯರ್ ಹಣ್ಣಿನ ಆಕಾರ ಇದ್ದದ್ದರಿಂದ ಅದೇ ಹೆಸರು ಇದಕ್ಕೂ ಅಂಟಿಕೊಂಡಿತು. ಗೋವಾದ ದೊಡ್ಡ ಭಾಷಾ ಪಂಡಿತ ಸೆಬಾಸ್ಟಿಯಾಂವ್ ರೊಡೊಲ್ಫೊ ದಲ್ಗಾದೊ ಇದ್ದರಲ್ಲ, ಏಷ್ಯದ ಭಾಷೆಗಳಿಗೆ ಸೇರಿದ ಪೋರ್ಚುಗೀಸ್ ಶಬ್ದಗಳನ್ನೆಲ್ಲ ಕೂಡಿಸಿ 1913ರಲ್ಲಿ ಪ್ರಕಟಿಸಿದರು. ಅದರಲ್ಲಿ ಈ ಹಣ್ಣೂ ಇದೆ.

ಮಗಳ ವಂಶವೃಕ್ಷದ ಮೂಲೆಯಲ್ಲಿ ಒಂದು ಪೇರಳೆ ಗಿಡ ಬರೆಸಿ. ಮಕ್ಕಳಿಗೆ ಇಷ್ಟವಾಗುತ್ತದೆ, ಮಾತೂ ಸರಿಯಾಗಿಯೇ ಇರುತ್ತದೆ.

ಕರಾವಳಿ_ಪಿರೇರಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಪೂರ್ತಿ ಓದಿ ಮಗಳಿಗೂ ಹೇಳಿದೆ. ದೊಡ್ಡಪ್ಪನಿಗೆ ಫೋನ್ ಮಾಡಿದೆ. ಮೊದಲು ಸ್ವಲ್ಪ ಸಿಟ್ಟಾದರು. ಆಮೇಲೆ ಅಕ್ಕ ಹೇಳಿಕೊಟ್ಟ ಪ್ರಶ್ನೆ ಕೇಳಿದಾಗ ಸುಮ್ನೆ ಕೂತು ಯೋಚನೆ ಮಾಡಿ, "ನನ್ನ ಅಜ್ಜಿ ನಮ್ಮನ್ನು ಪ್ರಭುಗಳು ಅನ್ನುತ್ತಿದ್ದರು" ಎಂದರು. ಅಪ್ಪ ಇದನ್ನು ಯಾವತ್ತೂ ಹೇಳಿರಲಿಲ್ಲ. ಗೋವಾದ ಊರು ಮಾತ್ರ ನೆನಪಿಲ್ಲವಂತೆ.

ಮುಂದೆ ಎಲ್ಲಿ ಹುಡುಕಲಿ ಅಕ್ಕ? ಲಿಸ್ಬನ್‌ಗೆ ಬರೆಯಬೇಕಾ?

ಲಿಸ್ಬನ್_ವಾಸಿ

ನನ್ನ ಅಭಿಪ್ರಾಯ, ಬೇಡ. ಇಲ್ಲಿನ ತೊರೆ ದು ತೊಂಬು ದಾಖಲೆ ಭಂಡಾರ ದೊಡ್ಡದು, ಜಾಲದಲ್ಲೇ ಎಷ್ಟೋ ಪುಟ ತೆರೆದು ನೋಡಬಹುದು. ಆದರೆ ಅಲ್ಲಿ ಸಿಗುವ ಪಿರೇರಾಗಳು ನಿಮ್ಮವರಲ್ಲ. ಒಂದು ವಿಷಯ ಮಾತ್ರ ಗಮನದಲ್ಲಿಡಿ. ಹಳೆಯ ಪೋರ್ಚುಗೀಸ್ ಪದ್ಧತಿಯಲ್ಲಿ ಅಡ್ಡಹೆಸರು ಅಪ್ಪನಿಂದ ಮಗನಿಗೆ ನೇರ ಬರಲೇಬೇಕು ಎಂದಿರಲಿಲ್ಲ. ಒಬ್ಬ ಮಗ ಅಪ್ಪನ ಹೆಸರು, ಇನ್ನೊಬ್ಬ ಅಮ್ಮನದು, ಮತ್ತೊಬ್ಬ ಅಜ್ಜಿಯದು ಇಟ್ಟುಕೊಳ್ಳುವುದು ಸಾಮಾನ್ಯವಾಗಿತ್ತು. ಹಾಗಾಗಿ ಹಳೆಯ ಕಾಗದ ನೋಡುವಾಗ ಪಿರೇರಾ ಎಂಬ ಒಂದೇ ಎಳೆ ಹಿಡಿದು ಹಿಂದೆ ಹೋದರೆ ದಾರಿ ತಪ್ಪಬಹುದು.

ಮೂಡಬಿದ್ರಿ_ಅಕ್ಕ

ನಿಮ್ಮ ಅಜ್ಜ ಹುಟ್ಟಿದ ಊರಿನ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಶುರು ಮಾಡಿ. ಅಲ್ಲಿನ ಮುಖ್ಯ ಪಾದ್ರಿ ವಿಗಾರರಿಗೆ ಮೊದಲೇ ಒಂದು ಪತ್ರ ಬರೆದು, ಅಜ್ಜನ ಹೆಸರು, ಅಂದಾಜು ವರ್ಷ, ಅವರ ಅಪ್ಪ ಅಮ್ಮನ ಹೆಸರು ತಿಳಿಸಿ. ಭಾನುವಾರ ಪೂಜೆ ಮುಗಿದ ಗಡಿಬಿಡಿಯಲ್ಲಿ ಹೋಗಿ ಕೇಳಬೇಡಿ, ವಾರದ ದಿನ ಹೋಗಿ.

ದೀಕ್ಷಾಸ್ನಾನದ ರೆಜಿಸ್ಟರ್‌ನಲ್ಲಿ ಒಂದು ನಮೂದು ನಾಲ್ಕೈದು ಸಾಲು ಇರುತ್ತದೆ. ಹಳೆಯವು ಪೋರ್ಚುಗೀಸ್ ಅಥವಾ ಲ್ಯಾಟಿನ್‌ನಲ್ಲಿ ಇರಬಹುದು, ಹೆದರಬೇಡಿ. ಇಂಥ ದಿನ, ಇಂಥ ಪಾದ್ರಿ, ಮಗುವಿನ ಹೆಸರು. ಆಮೇಲೆ 'ಫಿಲ್ಯು ದ' ಎಂದಿದ್ದರೆ ಇಂಥವರ ಮಗ, 'ಫಿಲ್ಯ ದ' ಎಂದಿದ್ದರೆ ಮಗಳು. ಕೊನೆಯಲ್ಲಿ 'ಪದ್ರಿನ್ಯುಸ್' ಎಂದು ಗಾಡ್‌ಫಾದರ್, ಗಾಡ್‌ಮದರ್ ಹೆಸರು. ಮಗುವಿಗೆ ಎಷ್ಟೋ ಸಲ ಬರೀ ಮೊದಲ ಹೆಸರು ಮಾತ್ರ ಬರೆದಿರುತ್ತಾರೆ, ಅಡ್ಡಹೆಸರು ಅಪ್ಪ ಅಮ್ಮನ ಸಾಲಿನಲ್ಲಿ ಹುಡುಕಬೇಕು. ಗಾಡ್‌ಫಾದರ್ ಸಾಲನ್ನು ತಪ್ಪದೆ ಬರೆದುಕೊಳ್ಳಿ. ಅಲ್ಲಿ ಸೋದರಮಾವಂದಿರು, ಚಿಕ್ಕಪ್ಪಂದಿರು ಸಿಗುತ್ತಾರೆ. ಅವರಿಂದ ಪಕ್ಕದ ಇಗರ್ಜಿಗೆ ದಾರಿ ಸಿಗುತ್ತದೆ.

ಹಿಂದಕ್ಕೆ ಎಷ್ಟು ಹೋಗಬಹುದು ಎಂಬುದಕ್ಕೆ ಒಂದು ಗಡಿ ಇದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಬಿಡುಗಡೆ ಆದದ್ದು 1799ರಲ್ಲಿ. ಆ ಹೊತ್ತಿಗೆ ಇಗರ್ಜಿಗಳನ್ನು ಕೆಡವಿಯಾಗಿತ್ತು. ನಮ್ಮ ಮೂಡಬಿದ್ರಿ ಹತ್ತಿರದ ಹೊಸ್ಪೆಟ್ ಇಗರ್ಜಿ ಮಾತ್ರ ಇಲ್ಲಿಯ ಚೌಟ ಅರಸರ ಮಾತಿನಿಂದ ಉಳಿಯಿತು. ಇಗರ್ಜಿಗಳು ಹೋದದ್ದರಿಂದ 1784ಕ್ಕಿಂತ ಹಿಂದಿನ ರೆಜಿಸ್ಟರ್ ಇಲ್ಲಿ ಸಿಗುವುದು ಕಷ್ಟ. ಗೋವಾದ ಊರು ಗೊತ್ತಾದರೆ ಮುಂದಿನ ಹೆಜ್ಜೆ ಆ ಊರಿನ ಇಗರ್ಜಿ, ಆಮೇಲೆ ಪಣಜಿಯ ಆರ್ಕೈವ್ಸ್.

ಅಲ್ಲಿಯವರೆಗೆ ದೊಡ್ಡಪ್ಪನ ಜೊತೆ ಇನ್ನೊಮ್ಮೆ ಕೂತು ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅಜ್ಜಿ ಯಾವ ಊರಿನ ಹಬ್ಬದ ಮಾತಾಡುತ್ತಿದ್ದರು, ಯಾವ ಸಂತರಿಗೆ ಹರಕೆ ಹೊರುತ್ತಿದ್ದರು ಎಂದು ಕೇಳಿ. ಊರಿನ ಹೆಸರು ಮರೆತವರಿಗೂ ಇಗರ್ಜಿಯ ಸಂತರ ಹೆಸರು ನೆನಪಿರುತ್ತದೆ. ಅದು ಸಿಕ್ಕಿದರೆ ಇಲ್ಲಿ ಬರೆಯಿರಿ. ಅದೇ ಸಂತರ ಹೆಸರಿನ ಇಗರ್ಜಿ ಗೋವಾದ ಯಾವ ಯಾವ ಊರಿನಲ್ಲಿ ಇದೆ ಎಂದು ಕೂತು ಹುಡುಕೋಣ.